ಮುನ್ನೂರು ಮಿಲಿಮೀಟರ್ ಇರುವುದು ದೂರಕ್ಕಲ್ಲ

(ಛಾಯಾಗ್ರಹಣದಲ್ಲಿ ಆಸಕ್ತಿ ಇರುವವರ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿ ಇಲ್ಲವಾದ್ದರಿಂದ ಲೆಕ್ಕಗಳನ್ನು ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕ್ಯಾಮೆರಾದ ಜೊತೆಗೇ ಬಂದ 18-55 ಲೆನ್ಸ್ ಸಾಲದು ಎನಿಸಿದ ಮೇಲೆ ನಮ್ಮಲ್ಲಿ ಬಹಳ ಮಂದಿ ಕೊಳ್ಳುವ ಎರಡನೆಯ ಲೆನ್ಸ್ ಯಾವುದು? 55-200, 55-250 ಅಥವಾ 70-300. ಈ ಅಂಕಿಗಳು ಲೆನ್ಸಿನ ಫೋಕಲ್ ಲೆಂಗ್ತ್, ಮಿಲಿಮೀಟರ್ ಲೆಕ್ಕದಲ್ಲಿ; ಅದು ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ. ಕಡಿಮೆ ಬೆಲೆಯ ಟೆಲಿಫೋಟೋ ಜೂಮ್. ಏಕೆ ಕೊಂಡಿರಿ ಎಂದು ಕೇಳಿದರೆ ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ: ದೂರದ್ದು ಹತ್ತಿರ ಬರುತ್ತದೆ ಎಂದು. ಕೆಲವು ತಿಂಗಳು ಕಳೆಯುವುದರೊಳಗೆ ಅದು ಬೀರು ಸೇರಿರುತ್ತದೆ. ಚಿತ್ರ ಮಸುಕು, ಹಕ್ಕಿ ಚಿಕ್ಕದು, ಸಂಜೆಯಾದರೆ ಚಿತ್ರದ ತುಂಬ ಕಾಳು ಚೆಲ್ಲಿದಂತೆ ನಾಯ್ಸ್. ಅಗ್ಗದ ಲೆನ್ಸಿನ ಹಣೆಬರಹವೇ ಇಷ್ಟು ಎಂಬ ತೀರ್ಪು ಬೇರೆ.

ಆ ತೀರ್ಪಿನ ಬಗ್ಗೆ ನನಗೆ ತಕರಾರಿದೆ. ಈ ಲೆನ್ಸ್‌ಗಳಲ್ಲಿ ಕೊರತೆಗಳಿವೆ, ಯಾವುದನ್ನೂ ಮುಚ್ಚಿಡದೆ ಹೇಳುತ್ತೇನೆ. ಆದರೆ ಬೀರು ಸೇರಿದವುಗಳಲ್ಲಿ ಹೆಚ್ಚಿನವು ತಮ್ಮ ಕೊರತೆಯಿಂದಾಗಿ ಅಲ್ಲಿಗೆ ಹೋಗಲಿಲ್ಲ. ಅವುಗಳಿಗೆ ಒಗ್ಗದ ಕೆಲಸ ಹಚ್ಚಿದ್ದರಿಂದ ಹೋದವು. ಹತ್ತು ಹದಿನೈದು ಮೀಟರಿನ ಒಳಗೆ ಇರುವುದನ್ನು ದೊಡ್ಡದು ಮಾಡಿ, ಸುತ್ತಲಿನ ಗೊಂದಲದಿಂದ ಬಿಡಿಸಿ ತೋರಿಸುವುದು ಈ ಲೆನ್ಸಿನ ನಿಜವಾದ ಕಸುಬು ಎಂಬುದು ನನ್ನ ಅಭಿಪ್ರಾಯ. ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ಮೊದಲು ಒಂದು ಲೆಕ್ಕ. ಹೆಚ್ಚಿನವರ ಕೈಯಲ್ಲಿರುವುದು ಎಪಿಎಸ್-ಸಿ ಎಂಬ ಗಾತ್ರದ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಫಲಕ) ಇರುವ ಕ್ಯಾಮೆರಾ. ಆ ಸೆನ್ಸರ್‌ನ ಅಗಲ ಸುಮಾರು 23.5 ಮಿಲಿಮೀಟರ್, ಕ್ಯಾನನ್‌ನಲ್ಲಿ ಒಂದು ಮಿಲಿಮೀಟರಿನಷ್ಟು ಕಡಿಮೆ. 300 ಮಿ.ಮೀ. ಲೆನ್ಸ್ ಹಾಕಿ ಹತ್ತು ಮೀಟರ್ ದೂರಕ್ಕೆ ಹಿಡಿದರೆ ಚೌಕಟ್ಟಿನೊಳಗೆ ಸಿಗುವ ಜಾಗದ ಅಗಲ 78 ಸೆಂಟಿಮೀಟರ್. ಗುಬ್ಬಚ್ಚಿಯ ಉದ್ದ 15 ಸೆಂಟಿಮೀಟರ್ ಎಂದುಕೊಳ್ಳಿ. ಚೌಕಟ್ಟಿನ ಐದನೆಯ ಒಂದು ಭಾಗವನ್ನು ಅದು ತುಂಬುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅಗಲಕ್ಕೆ 6000 ಪಿಕ್ಸೆಲ್ ಇರುತ್ತವೆ, ಅಂದರೆ ಗುಬ್ಬಚ್ಚಿಯ ಪಾಲಿಗೆ 1150. ಸುತ್ತಲಿನದನ್ನು ಕತ್ತರಿಸಿ ಕ್ರಾಪ್ ಮಾಡಿದರೂ ಗರಿಯ ಎಳೆ ಎಣಿಸಬಹುದಾದ ಚಿತ್ರ.

ಅದೇ ಗುಬ್ಬಚ್ಚಿ ಮೂವತ್ತು ಮೀಟರ್ ಆಚೆ ಇದ್ದರೆ ಅದರ ಪಾಲಿಗೆ ಬರುವುದು 380 ಪಿಕ್ಸೆಲ್. ನೂರು ಮೀಟರ್ ಆಚೆ ಇದ್ದರೆ 115. ಅದನ್ನು ಹಕ್ಕಿಯ ಚಿತ್ರ ಎನ್ನುವುದಕ್ಕಿಂತ ಹಕ್ಕಿ ಇತ್ತು ಎಂಬುದಕ್ಕೆ ದಾಖಲೆ ಎನ್ನಬೇಕು. ಇಲ್ಲಿ ಲೆನ್ಸಿನ ಬೆಲೆಯ ಮಾತೇ ಬರಲಿಲ್ಲ ಎಂಬುದನ್ನು ಗಮನಿಸಿ. ಜಗತ್ತಿನ ಅತ್ಯುತ್ತಮ 300 ಮಿ.ಮೀ. ಲೆನ್ಸ್ ಹಾಕಿದರೂ ಪಿಕ್ಸೆಲ್‌ಗಳ ಸಂಖ್ಯೆ ಅಷ್ಟೇ. ಬಹಳ ಖರ್ಚು ಮಾಡಿ 600 ಮಿ.ಮೀ. ತಂದು ಮೂವತ್ತು ಮೀಟರಿನಿಂದ ತೆಗೆದರೆ ಸಿಗುವ ಗುಬ್ಬಚ್ಚಿಯೂ, 300ನ್ನೇ ಹಿಡಿದು ಹದಿನೈದು ಮೀಟರಿಗೆ ಹೋಗಿ ತೆಗೆದರೆ ಸಿಗುವ ಗುಬ್ಬಚ್ಚಿಯೂ ಗಾತ್ರದಲ್ಲಿ ಒಂದೇ. ದೂರ ಅರ್ಧವಾದರೆ ಲೆನ್ಸ್ ದುಪ್ಪಟ್ಟಾದಂತೆ.

ಇನ್ನು ಗಾಳಿಯದೊಂದು ಕಥೆ ಇದೆ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಬಿಸಿ ಗಾಳಿ ಬೆಳಕನ್ನು ಬಾಗಿಸುತ್ತ ಇರುತ್ತದೆ. ಹರಿಯುವ ನೀರಿನ ತಳದಲ್ಲಿರುವ ಕಲ್ಲು ನಡುಗಿದಂತೆ ಕಾಣುತ್ತದಲ್ಲ, ಮಧ್ಯಾಹ್ನದ ಬಯಲಿನಲ್ಲಿ ದೂರದ ಜಿಂಕೆಗೆ ಆಗುವುದೂ ಅದೇ. ಚಿತ್ರ ಮೆತ್ತಗಾಗಿದ್ದಕ್ಕೆ ಲೆನ್ಸನ್ನು ಬೈಯುತ್ತೇವೆ. ಟ್ರೈಪಾಡ್ ಹಾಕಿದರೂ, ಷಟರ್ ವೇಗ ಎಷ್ಟು ಏರಿಸಿದರೂ ಆ ನಡುಕ ಹೋಗುವುದಿಲ್ಲ. ಬೆಳಿಗ್ಗೆ ನೆಲ ಕಾಯುವ ಮೊದಲು ತೆಗೆಯಬೇಕು, ಇಲ್ಲವೇ ನಡುವಿನ ಗಾಳಿ ಕಡಿಮೆಯಾಗುವಂತೆ ಹತ್ತಿರ ಹೋಗಬೇಕು.

ಹಾಗಾದರೆ ದುಬಾರಿ ಲೆನ್ಸ್‌ನಲ್ಲಿ ಹಣ ಎಲ್ಲಿಗೆ ಹೋಗುತ್ತದೆ? ಬಹುಪಾಲು ಬೆಳಕಿಗೆ. ಎಫ್ ಸಂಖ್ಯೆ ಎಂದರೆ ಫೋಕಲ್ ಲೆಂಗ್ತ್ ಅನ್ನು ಅಪರ್ಚರ್‌ನ, ಅಂದರೆ ಬೆಳಕು ಒಳಬರುವ ಕಂಡಿಯ, ವ್ಯಾಸದಿಂದ ಭಾಗಿಸಿದಾಗ ಬರುವುದು. 300ನ್ನು 5.6ರಿಂದ ಭಾಗಿಸಿದರೆ ಸುಮಾರು 54 ಮಿಲಿಮೀಟರ್. 2.8ರಿಂದ ಭಾಗಿಸಿದರೆ 107. ವ್ಯಾಸ ದುಪ್ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟು. ಅಷ್ಟು ಅಗಲದ ಗಾಜನ್ನು ದೋಷವಿಲ್ಲದೆ ಉಜ್ಜಿ ತೆಗೆಯುವ ಖರ್ಚು ನಾಲ್ಕು ಪಟ್ಟಿಗೆ ನಿಲ್ಲುವುದಿಲ್ಲ. ಎಸ್ಎಲ್ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಕಾಲದ 300 ಎಫ್/2.8 ಲೆನ್ಸ್‌ಗಳು ಎರಡು ಕಿಲೋಗ್ರಾಂ ಮೀರುತ್ತಿದ್ದವು. ಕ್ಯಾನನ್‌ನ 55-250 ಎಸ್‌ಟಿಎಂ ಲೆನ್ಸ್ ತೂಗುವುದು 375 ಗ್ರಾಂ. ಆ 375 ಗ್ರಾಂ ಕೂಡ ಒಂದು ಗುಣವೇ ಎಂಬುದನ್ನು ನಾವು ಮರೆಯುತ್ತೇವೆ. ಭಾರವಾದ ಲೆನ್ಸ್ ಎಷ್ಟೋ ದಿನ ಮನೆಯಲ್ಲೇ ಉಳಿಯುತ್ತದೆ, ಹಗುರವಾದದ್ದು ಚೀಲದಲ್ಲಿರುತ್ತದೆ.

ಎರಡು ಸ್ಟಾಪ್ ಬೆಳಕು (ಒಂದು ಸ್ಟಾಪ್ ಎಂದರೆ ಎರಡು ಪಟ್ಟು, ಎರಡು ಸ್ಟಾಪ್ ಎಂದರೆ ನಾಲ್ಕು ಪಟ್ಟು) ಇಲ್ಲದಿದ್ದರೆ ಏನು ನಷ್ಟ ಎಂಬುದು ನೀವು ಎಲ್ಲಿ ನಿಂತಿದ್ದೀರಿ ಎನ್ನುವುದರ ಮೇಲೆ ನಿಂತಿದೆ. ಚೆನ್ನಾದ ಬಿಸಿಲಿನಲ್ಲಿ ಎಫ್/5.6 ಇಟ್ಟರೆ ಐಎಸ್ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ; ಏರಿಸಿದಷ್ಟೂ ನಾಯ್ಸ್ ಹೆಚ್ಚು) 100ರಲ್ಲೇ ಷಟರ್ ವೇಗ 1/800 ಸೆಕೆಂಡ್ ಸಿಗುತ್ತದೆ. ಐಎಸ್ಒ 400 ಮಾಡಿ ಎಫ್/8ಕ್ಕೆ ಮುಚ್ಚಿದರೂ 1/1600. ಓಡುವ ಮಗು, ಮೈದಾನದ ಆಟಗಾರ, ಹಾರುವ ಹದ್ದು ಎಲ್ಲಕ್ಕೂ ಅಷ್ಟು ಸಾಕು. ಬಿಸಿಲಿನಲ್ಲಿ ಅಗ್ಗದ ಲೆನ್ಸಿಗೂ ದುಬಾರಿ ಲೆನ್ಸಿಗೂ ಇರುವ ಅಂತರ ಬೆಲೆಪಟ್ಟಿಯಲ್ಲಿ ಕಾಣುವಷ್ಟು ಚಿತ್ರದಲ್ಲಿ ಕಾಣುವುದಿಲ್ಲ.

ಈಗ ಸಾಧಾರಣ ದೀಪಗಳಿರುವ ಸಭಾಂಗಣದ ಒಳಗೆ ಬನ್ನಿ. ಅಲ್ಲಿನ ಬೆಳಕಿಗೆ ಐಎಸ್ಒ 100, ಎಫ್/5.6 ಇಟ್ಟರೆ ಷಟರ್ ತೆರೆದಿರಬೇಕಾದದ್ದು ಕಾಲು ಸೆಕೆಂಡ್. 1/250 ಬೇಕೆಂದರೆ ಐಎಸ್ಒ 6400ಕ್ಕೆ ಏರಬೇಕು. ಎಫ್/2.8 ಲೆನ್ಸ್ ಇದ್ದವರು 1600ರಲ್ಲಿ ಮುಗಿಸುತ್ತಾರೆ. ವೇದಿಕೆಯ ಮೇಲೆ ನೃತ್ಯ ನಡೆಯುತ್ತಿದ್ದರೆ 1/250 ಕೂಡ ಸಾಲದೇ ಹೋಗಬಹುದು. ನಾಯ್ಸ್ ಕಡಿಮೆ ಮಾಡುವ ತಂತ್ರಾಂಶಗಳು ಈಗ ತುಂಬ ಸುಧಾರಿಸಿವೆ, ನಿಜ. ಆದರೂ ಒಳಾಂಗಣ ಕ್ರೀಡೆ, ರಾತ್ರಿಯ ಕಾರ್ಯಕ್ರಮ, ದಟ್ಟ ಕಾಡಿನ ನೆರಳು, ಈ ಮೂರಕ್ಕೆ ಈ ಲೆನ್ಸ್ ತಕ್ಕದ್ದಲ್ಲ ಎಂದು ನೇರವಾಗಿಯೇ ಹೇಳಿಬಿಡುತ್ತೇನೆ. ಅವೇ ನಿಮ್ಮ ಮುಖ್ಯ ಆಸಕ್ತಿಗಳಾದರೆ 55-250 ಕೊಳ್ಳುವ ಬದಲು 85 ಮಿ.ಮೀ. ಎಫ್/1.8 ಕೊಂಡು ವೇದಿಕೆಯ ಹತ್ತಿರ ಜಾಗ ಹಿಡಿಯುವುದು ಜಾಣತನ.

ಲೆನ್ಸಿನ ಮೇಲೆ ಎಫ್/4-5.6 ಎಂದು ಬರೆದಿರುತ್ತದೆ. ಈ 4 ಇರುವುದು ಜೂಮ್‌ನ ಗಿಡ್ಡ ತುದಿಯಲ್ಲಿ ಮಾತ್ರ. ಜೂಮ್ ಮಾಡಿದಂತೆ ಅದು ಕಿರಿದಾಗುತ್ತ ಹೋಗಿ ಉದ್ದದ ತುದಿಯಲ್ಲಿ 5.6, ಕೆಲವದರಲ್ಲಿ 6.3 ಆಗುತ್ತದೆ. ಮ್ಯಾನುಯಲ್ ಎಕ್ಸ್‌ಪೋಷರ್ ಇಟ್ಟು ಜೂಮ್ ಮಾಡಿದಾಗ ಚಿತ್ರ ಕಪ್ಪಾಗುವ ಗುಟ್ಟು ಇದೇ. ಮೊದಲೇ ಎಫ್/6.3 ಇಟ್ಟುಕೊಂಡರೆ ಆ ತಲೆನೋವಿಲ್ಲ.

ಮೊನಚಿನ ವಿಷಯಕ್ಕೆ ಬರೋಣ. ಉದ್ದದ ತುದಿಯಲ್ಲಿ, ಅಪರ್ಚರ್ ಪೂರ್ತಿ ತೆರೆದಾಗ ಈ ಲೆನ್ಸ್‌ಗಳು ಮೆತ್ತಗಾಗುತ್ತವೆ. ಕಾಂಟ್ರಾಸ್ಟ್ ಇಳಿಯುತ್ತದೆ, ಬೆಳ್ಳನೆಯ ಆಕಾಶದ ಎದುರು ಇರುವ ಕೊಂಬೆಯ ಅಂಚಿಗೆ ನೇರಳೆ ಅಥವಾ ಹಸಿರು ಗೆರೆ ಅಂಟಿಕೊಳ್ಳುತ್ತದೆ. ಬೇರೆ ಬೇರೆ ಬಣ್ಣದ ಬೆಳಕನ್ನು ಒಂದೇ ಬಿಂದುವಿಗೆ ತರುವ ವಿಶೇಷ ಗಾಜು ಇಂಥ ಲೆನ್ಸ್‌ಗಳಲ್ಲಿ ಒಂದೇ ಇರುತ್ತದೆ, ಅಥವಾ ಇರುವುದೇ ಇಲ್ಲ. ಚೌಕಟ್ಟಿನ ಅಂಚುಗಳಲ್ಲಿ ಕಾಣುವ ಬಣ್ಣದ ಗೆರೆಯನ್ನು ತಂತ್ರಾಂಶ ಸುಲಭವಾಗಿ ಅಳಿಸುತ್ತದೆ. ಫೋಕಸ್‌ನ ಹಿಂದೆ ಮುಂದೆ ಬರುವ ಬಣ್ಣ ಅಷ್ಟು ಸಲೀಸಾಗಿ ಹೋಗುವುದಿಲ್ಲ. ಎಫ್/8ಕ್ಕೆ ಮುಚ್ಚಿದರೆ, ಅಥವಾ 300ರಿಂದ 250ಕ್ಕೆ ಹಿಂದೆ ಬಂದರೆ ಕಣ್ಣಿಗೆ ಕಾಣುವಷ್ಟು ಸುಧಾರಣೆ ಆಗುತ್ತದೆ. ಎಫ್/11 ದಾಟಿ ಹೋದರೆ ವಿವರ್ತನೆಯ (ಸಣ್ಣ ಕಂಡಿಯಲ್ಲಿ ಬೆಳಕು ಹರಡಿಕೊಳ್ಳುವುದರ) ಮಸುಕು ಶುರುವಾಗುವುದರಿಂದ ಅತ್ತಲೂ ಜಾಗವಿಲ್ಲ. ಬಿಸಿಲಿದ್ದಾಗ ಎಫ್/8, ನೆರಳಿನಲ್ಲಿ ಬೇರೆ ದಾರಿಯಿಲ್ಲದೆ 5.6 ಎಂಬುದು ನನ್ನ ಪದ್ಧತಿ. ಮೆತ್ತಗಿನ ಚಿತ್ರಕ್ಕಿಂತ ಅಲುಗಿದ ಚಿತ್ರ ಕೆಟ್ಟದ್ದು.

ಅಲುಗಾಟ ಎಂದಾಗ ಹೇಳಬೇಕು: ಲೆನ್ಸಿನ ದೋಷ ಎಂದು ಜನ ನನಗೆ ತೋರಿಸುವ ಚಿತ್ರಗಳಲ್ಲಿ ಬಹುಪಾಲು ಕೈ ನಡುಕದವು, ಇಲ್ಲವೇ ಫೋಕಸ್ ಬೇರೆಲ್ಲೋ ಕೂತವು. ಪರೀಕ್ಷೆ ಸುಲಭ. ಗೋಡೆಗೆ ಒಂದು ದಿನಪತ್ರಿಕೆ ಅಂಟಿಸಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಸ್ಥಿರೀಕರಣವನ್ನು (ಕೈ ನಡುಕವನ್ನು ಸರಿದೂಗಿಸುವ ವ್ಯವಸ್ಥೆ) ಆಫ್ ಮಾಡಿ, ಹಿಂಬದಿಯ ಪರದೆಯಲ್ಲಿ ಅಕ್ಷರಗಳನ್ನು ದೊಡ್ಡದು ಮಾಡಿಕೊಂಡು ಫೋಕಸ್ ಮಾಡಿ, ಟೈಮರ್ ಹಾಕಿ ತೆಗೆಯಿರಿ. ಆ ಚಿತ್ರ ಸ್ಪಷ್ಟವಾಗಿದ್ದು ಹೊರಗೆ ತೆಗೆದದ್ದು ಮಸುಕಾಗಿದ್ದರೆ ದೂರು ಲೆನ್ಸಿನ ಮೇಲೆ ಹಾಕುವಂತಿಲ್ಲ.

ಷಟರ್ ವೇಗ ಫೋಕಲ್ ಲೆಂಗ್ತ್‌ನ ವ್ಯುತ್ಕ್ರಮಕ್ಕಿಂತ ಕಡಿಮೆ ಇರಬಾರದು ಎಂಬ ಹಳೆಯ ಸೂತ್ರ ನಿಮಗೆ ಗೊತ್ತು. ಎಪಿಎಸ್-ಸಿ ಸೆನ್ಸರ್‌ನಲ್ಲಿ 300 ಮಿ.ಮೀ. ಲೆನ್ಸ್ 35 ಮಿ.ಮೀ. ಫಿಲ್ಮಿನ ಲೆಕ್ಕದಲ್ಲಿ 450ರ ನೋಟ ಕೊಡುವುದರಿಂದ 1/500 ಇಟ್ಟುಕೊಳ್ಳುವುದು ಒಳ್ಳೆಯದು. ಸ್ಥಿರೀಕರಣ ಇದ್ದರೆ ಕುಳಿತ ಹಕ್ಕಿಯನ್ನು 1/125ರಲ್ಲೂ ತೆಗೆಯಬಹುದು. ಇಲ್ಲೊಂದು ಸ್ವಾರಸ್ಯವಿದೆ. ಎಸ್ಎಲ್ಆರ್ ಕ್ಯಾಮೆರಾಗಳಿಗೆ ಸ್ಥಿರೀಕರಣ ಇರುವ ಮೊದಲ ಲೆನ್ಸ್ ಬಂದದ್ದು 1995ರಲ್ಲಿ, ಅದು ಕ್ಯಾನನ್‌ನ 75-300 ಎಫ್/4-5.6. ವೃತ್ತಿಪರರ ಭಾರೀ ಲೆನ್ಸಿಗಿಂತ ಮೊದಲು ಈ ವರ್ಗದ ಲೆನ್ಸಿಗೇ ಆ ಭಾಗ್ಯ ಬಂತು. ಬೆಳಕು ಕಡಿಮೆ, ಕೈಯಲ್ಲೇ ಹಿಡಿಯುವವರು ಹೆಚ್ಚು. ಅದರ ಅಗತ್ಯವೂ ಇಲ್ಲೇ ಜಾಸ್ತಿ. ಆದರೆ ಅದೇ ಕಂಪನಿಯ 75-300ರ ಮೂರನೆಯ ಆವೃತ್ತಿಯಲ್ಲಿ ಸ್ಥಿರೀಕರಣವಿಲ್ಲ. ನಿಕಾನ್ 2016ರಲ್ಲಿ ತಂದ ಡಿಎಕ್ಸ್ 70-300 ಕೂಡ ಸ್ಥಿರೀಕರಣ ಇರುವುದು ಒಂದು, ಇಲ್ಲದ್ದು ಒಂದು ಎಂದು ಎರಡು ಬಗೆಯಲ್ಲಿ ಬಂತು. ಬೆಲೆಯ ಸಣ್ಣ ವ್ಯತ್ಯಾಸ ನೋಡಿ ಇಲ್ಲದ್ದನ್ನು ಕೊಳ್ಳಬೇಡಿ. ಹಾಗೆಯೇ, ಸ್ಥಿರೀಕರಣ ನಿಲ್ಲಿಸುವುದು ನಿಮ್ಮ ಕೈಯ ನಡುಕವನ್ನು. ಹಕ್ಕಿಯ ರೆಕ್ಕೆಯ ಬಡಿತಕ್ಕೆ ಅದರಿಂದ ಏನೂ ಆಗುವುದಿಲ್ಲ.

ಫೋಕಸ್‌ನ ಚಡಪಡಿಕೆ ನಿಮಗೆ ಹೊಸದಲ್ಲ. ಪೊದೆಯೊಳಗಿನ ಹಕ್ಕಿಗೆ ಹಿಡಿದರೆ ಲೆನ್ಸ್ ಹತ್ತಿರದಿಂದ ಅನಂತದವರೆಗೆ ಒಮ್ಮೆ ಹೋಗಿ ಬರುವಷ್ಟರಲ್ಲಿ ಹಕ್ಕಿ ಹಾರಿರುತ್ತದೆ. ದುಬಾರಿ ಲೆನ್ಸ್‌ಗಳಲ್ಲಿ ಈ ಓಡಾಟಕ್ಕೆ ಮಿತಿ ಹಾಕುವ ಸ್ವಿಚ್ ಇರುತ್ತದೆ, ಇವುಗಳಲ್ಲಿ ಇರುವುದಿಲ್ಲ. ಹಕ್ಕಿ ಬಂದು ಕೂರುವ ಕೊಂಬೆಯಷ್ಟೇ ದೂರದ ಇನ್ನೊಂದು ವಸ್ತುವಿನ ಮೇಲೆ ಮೊದಲೇ ಫೋಕಸ್ ಮಾಡಿಟ್ಟುಕೊಂಡರೆ ಲೆನ್ಸ್ ಓಡಬೇಕಾದ ದೂರ ಚಿಕ್ಕದಾಗುತ್ತದೆ. ಐದು ಮೀಟರ್ ದೂರದಲ್ಲಿ 300 ಮಿ.ಮೀ., ಎಫ್/5.6 ಇಟ್ಟಾಗ ಸ್ಪಷ್ಟವಾಗಿ ಬರುವ ಆಳ ಸುಮಾರು ಆರು ಸೆಂಟಿಮೀಟರ್ ಮಾತ್ರ. ಆದ್ದರಿಂದ ಕ್ಯಾಮೆರಾಕ್ಕೆ ಆಯ್ಕೆ ಬಿಡದೆ ಒಂದೇ ಫೋಕಸ್ ಬಿಂದುವನ್ನು ಕಣ್ಣಿನ ಮೇಲೆ ಇಡಿ.

ಕೊರತೆಗಳ ಪಾರಾಯಣ ಸಾಕು. ಇದರ ಜೊತೆ ನನಗೆ ಇಷ್ಟವಾದ ಕೆಲಸಗಳಿಗೆ ಬರುತ್ತೇನೆ.

ಚಿಟ್ಟೆ, ಕೊಡತಿಕೀಟ, ಓತಿಕ್ಯಾತ. ಮೊದಲು ಹೇಳಿದ 55-250 ಲೆನ್ಸ್ 85 ಸೆಂಟಿಮೀಟರ್‌ವರೆಗೆ ಫೋಕಸ್ ಮಾಡುತ್ತದೆ. ಅಷ್ಟು ಹತ್ತಿರದಲ್ಲಿ ಅದು ಕೊಡುವ ವರ್ಧನೆ 0.29 (ಸೆನ್ಸರ್ ಮೇಲಿನ ಬಿಂಬ ವಸ್ತುವಿನ 0.29ರಷ್ಟು), ಅಂದರೆ ಚೌಕಟ್ಟಿನ ಅಗಲ ಏಳೂಮುಕ್ಕಾಲು ಸೆಂಟಿಮೀಟರಿಗಿಂತ ಕಡಿಮೆ. ಆರು ಸೆಂಟಿಮೀಟರ್ ರೆಕ್ಕೆಯ ಚಿಟ್ಟೆ ಚೌಕಟ್ಟನ್ನು ತುಂಬಿಯೇಬಿಡುತ್ತದೆ. ಸಣ್ಣ ವಸ್ತುಗಳನ್ನು ಹತ್ತಿರದಿಂದ ತೆಗೆಯಲೆಂದೇ ಇರುವ ಮ್ಯಾಕ್ರೋ ಲೆನ್ಸ್ ಇದಕ್ಕಿಂತ ಹೆಚ್ಚು ವರ್ಧಿಸುತ್ತದೆ ಎಂಬುದು ಸರಿ, ಆದರೆ ಗಿಡ್ಡ ಮ್ಯಾಕ್ರೋ ಹಿಡಿದು ಒಂದು ಗೇಣು ದೂರಕ್ಕೆ ಹೋದರೆ ಕೂತಿರುವ ಚಿಟ್ಟೆ ಎಷ್ಟು? ಇಲ್ಲಿ ನೀವು ಸುಮಾರು ಎರಡು ಮೊಳದಷ್ಟು ಹಿಂದೆ ಇದ್ದೀರಿ. ನಿಮ್ಮ ನೆರಳೂ ಅದರ ಮೇಲೆ ಬೀಳುವುದಿಲ್ಲ. ಈ ಒಂದು ಕೆಲಸಕ್ಕಾಗಿಯೇ ಈ ಲೆನ್ಸ್ ಇಟ್ಟುಕೊಳ್ಳಬಹುದು ಎನ್ನುವಷ್ಟು ನನಗೆ ಇದು ಪ್ರಿಯ. ಟ್ಯಾಮ್ರಾನ್ ಮತ್ತು ಸಿಗ್ಮಾ ತಯಾರಿಸಿದ ಹಳೆಯ 70-300 ಮ್ಯಾಕ್ರೋ ಲೆನ್ಸ್‌ಗಳು ಇನ್ನೂ ಮುಂದೆ ಹೋಗಿ ಅರ್ಧ ಗಾತ್ರದವರೆಗೆ ಕೊಡುತ್ತವೆ.

ಇನ್ನೊಂದು, ಭಾವಚಿತ್ರ. ಹಿನ್ನೆಲೆ ಕರಗಬೇಕಾದರೆ 50 ಮಿ.ಮೀ. ಎಫ್/1.8 ಬೇಕೇ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಮತ್ತೆ ಭಾಗಾಕಾರ ಮಾಡೋಣ. 50ನ್ನು 1.8ರಿಂದ ಭಾಗಿಸಿದರೆ 28 ಮಿಲಿಮೀಟರ್. ನಮ್ಮ ಅಗ್ಗದ ಜೂಮ್ ಉದ್ದದ ತುದಿಯಲ್ಲಿ 54. ಎರಡರಲ್ಲೂ ಮುಖ ಒಂದೇ ಗಾತ್ರದಲ್ಲಿ ಬರುವಂತೆ ನಿಂತು ತೆಗೆದರೆ, ಬಹಳ ದೂರದ ಹಿನ್ನೆಲೆಯಲ್ಲಿರುವ ಒಂದು ದೀಪ ಎಷ್ಟು ದೊಡ್ಡ ವೃತ್ತವಾಗಿ ಹರಡುತ್ತದೆ ಎಂಬುದನ್ನು ನಿರ್ಧರಿಸುವುದು ಈ ವ್ಯಾಸವೇ. ಮುಖದ ಅಗಲ 15 ಸೆಂಟಿಮೀಟರ್ ಎಂದುಕೊಂಡರೆ, ಜೂಮ್‌ನಲ್ಲಿ ಆ ದೀಪ ಮುಖದ ಮೂರನೆಯ ಒಂದು ಭಾಗಕ್ಕಿಂತ ದೊಡ್ಡ ವೃತ್ತವಾಗುತ್ತದೆ. 50ರಲ್ಲಿ ಐದನೆಯ ಒಂದು ಭಾಗದ ಆಸುಪಾಸು. ಷರತ್ತು ಒಂದೇ, ಹಿನ್ನೆಲೆ ನಿಜಕ್ಕೂ ದೂರ ಇರಬೇಕು. ಬೆನ್ನಿಗೇ ಗೋಡೆ ಇದ್ದರೆ ಎಫ್/1.8 ಗೆಲ್ಲುತ್ತದೆ. ಕೋಣೆಯೊಳಗೆ ಹಿಂದೆ ಸರಿಯಲು ಜಾಗವೂ ಸಿಗುವುದಿಲ್ಲ. ಬಯಲಿನಲ್ಲಿ ಆಡುವ ಮಕ್ಕಳಿಗೆ ಮಾತ್ರ ಇದಕ್ಕಿಂತ ಒಳ್ಳೆಯದನ್ನು ನಾನು ಹುಡುಕುವುದಿಲ್ಲ. ನೀವು ದೂರ ಇರುವುದರಿಂದ ಅವರು ನಿಮ್ಮನ್ನು ಮರೆತು ಆಡುತ್ತಾರೆ.

ನಿಸರ್ಗದೃಶ್ಯಕ್ಕೆ ಅಗಲದ ಲೆನ್ಸೇ ಬೇಕೆಂಬುದು ಅಭ್ಯಾಸಬಲ. ಬೆಟ್ಟದ ಸಾಲಿನಲ್ಲಿ ಮಂಜಿನ ಪದರಗಳನ್ನಷ್ಟೇ ಕತ್ತರಿಸಿ ತೆಗೆಯಲು 100ರಿಂದ 200 ಮಿ.ಮೀ. ಬಹಳ ಚೆನ್ನ, ಟ್ರೈಪಾಡ್ ಇದ್ದರೆ ಬೆಳಕಿನ ಕೊರತೆಯೂ ಬಾಧಿಸುವುದಿಲ್ಲ. ಪೋಲರೈಸರ್ (ಪ್ರತಿಫಲನ ತಗ್ಗಿಸಲು ತಿರುಗಿಸಿ ಹೊಂದಿಸುವ ಫಿಲ್ಟರ್) ಹಾಕುವವರು ಒಂದನ್ನು ನೋಡಿಕೊಳ್ಳಿ: ಹಳೆಯ ಕೆಲವು ಲೆನ್ಸ್‌ಗಳಲ್ಲಿ ಫೋಕಸ್ ಮಾಡುವಾಗ ಮುಂದಿನ ಗಾಜೂ ತಿರುಗುತ್ತದೆ, ಜೊತೆಗೆ ಫಿಲ್ಟರ್ ಕೂಡ. ಮೊದಲು ಫೋಕಸ್, ಆಮೇಲೆ ಪೋಲರೈಸರ್. ಲೆನ್ಸನ್ನು ಕಾಪಾಡಲೆಂದು ಹಾಕುವ ಅಗ್ಗದ ಯುವಿ ಫಿಲ್ಟರ್ ಅನ್ನು ತೆಗೆದಿಡಿ. ಅದರ ಗಾಜು ಸಮತಟ್ಟಾಗಿಲ್ಲದಿದ್ದರೆ ಅಗಲದ ಲೆನ್ಸಿನಲ್ಲಿ ಗೊತ್ತಾಗದ ದೋಷ 300ರಲ್ಲಿ ಎದ್ದು ಕಾಣುತ್ತದೆ. ಕಾಪಾಡಲು ಹುಡ್, ಅಂದರೆ ಲೆನ್ಸಿನ ಮುಂದೆ ಸಿಕ್ಕಿಸುವ ಕೊಳವೆ, ಇದೆ. ಕೆಲವು ಕಂಪನಿಗಳು ಈ ಲೆನ್ಸ್‌ಗಳ ಜೊತೆ ಅದನ್ನೂ ಕೊಡದೆ ಉಳಿತಾಯ ಮಾಡುತ್ತವೆ, ಅದು ಜಿಪುಣತನ. ಬೇರೆಯಾಗಿ ಕೊಂಡುಕೊಳ್ಳಿ.

ಚಂದ್ರನ ಆಸೆ ಎಲ್ಲರಿಗೂ ಇರುತ್ತದೆ. 300 ಮಿ.ಮೀ.ನಲ್ಲಿ ಸೆನ್ಸರ್ ಮೇಲೆ ಚಂದ್ರಬಿಂಬದ ವ್ಯಾಸ 2.7 ಮಿಲಿಮೀಟರ್, ಸುಮಾರು 700 ಪಿಕ್ಸೆಲ್. ದೊಡ್ಡ ಕುಳಿಗಳು ಕಾಣುತ್ತವೆ. ಚಂದ್ರನೆಂದರೆ ಬಿಸಿಲಿಗೆ ಬಿದ್ದ ಕಲ್ಲು. ರಾತ್ರಿ ಎಂದು ಭಾವಿಸಿ ಷಟರ್ ನಿಧಾನ ಮಾಡಿದರೆ ಬಿಳಿಯ ಬಿಲ್ಲೆ ಸಿಗುತ್ತದೆ. ಐಎಸ್ಒ 200, ಎಫ್/8, 1/400ರಿಂದ ಶುರುಮಾಡಿ. ಪೂರ್ಣಚಂದ್ರನಿಗಿಂತ ಅರ್ಧಚಂದ್ರ ಒಳ್ಳೆಯದು, ಕುಳಿಗಳ ನೆರಳು ಉದ್ದವಾಗಿರುತ್ತದೆ.

ಮಾತಿನ ನಂತರ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಸೇರಿಸಿದ್ದೇನೆ.

ಟೆಲಿಕನ್ವರ್ಟರ್ (ಕ್ಯಾಮೆರಾ ಮತ್ತು ಲೆನ್ಸಿನ ನಡುವೆ ಕೂರಿಸಿ ಫೋಕಲ್ ಲೆಂಗ್ತ್ ಹೆಚ್ಚಿಸುವ ಸಾಧನ) ಹಾಕಿ 300ನ್ನು 600 ಮಾಡಬಹುದೇ ಎಂದು ಒಬ್ಬರು ಕೇಳಿದರು. ಬೇಡ. ಎರಡು ಪಟ್ಟಿನ ಕನ್ವರ್ಟರ್ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ, ಎಫ್/5.6 ಇದ್ದದ್ದು ಎಫ್/11 ಆಗುತ್ತದೆ. ಕನ್ನಡಿ ಇರುವ ಕ್ಯಾಮೆರಾಗಳಲ್ಲಿ ಸ್ವಯಂ ಫೋಕಸ್ ಸಾಮಾನ್ಯವಾಗಿ ಎಫ್/5.6ರವರೆಗೆ, ಕೆಲವದರಲ್ಲಿ ಮಾತ್ರ ಎಫ್/8ರವರೆಗೆ ನಡೆಯುತ್ತದೆ. ಮೊದಲೇ ಮೆತ್ತಗಿರುವ ತುದಿಯನ್ನು ಹಿಗ್ಗಿಸಿದರೆ ಮೆತ್ತಗಿರುವುದೂ ಹಿಗ್ಗುತ್ತದೆ. ಕ್ರಾಪ್ ಮಾಡುವುದೇ ಲೇಸು.

ಕನ್ನಡಿರಹಿತ ಕ್ಯಾಮೆರಾಗಳಿಂದ ಇದೆಲ್ಲ ಬದಲಾಗಲಿಲ್ಲವೇ ಎಂಬುದು ಇನ್ನೊಬ್ಬರ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಅವು ಸೆನ್ಸರ್ ಮೇಲೆಯೇ ಫೋಕಸ್ ಅಳೆಯುವುದರಿಂದ ಕಡಿಮೆ ಬೆಳಕಿನ ಲೆನ್ಸ್‌ನಲ್ಲೂ ಕೆಲಸ ನಡೆಯುತ್ತದೆ. ಹಾಗಾಗಿಯೇ ಕ್ಯಾನನ್ 2020ರಲ್ಲಿ 600 ಮತ್ತು 800 ಮಿ.ಮೀ.ಗಳನ್ನು ಎಫ್/11 ಸ್ಥಿರ ಅಪರ್ಚರ್‌ನಲ್ಲಿ, 2021ರಲ್ಲಿ 635 ಗ್ರಾಂ ತೂಕದ 100-400 ಎಫ್/5.6-8 ಲೆನ್ಸನ್ನು ತರಲು ಸಾಧ್ಯವಾಯಿತು. ಬೆಳಕು ಬಿಟ್ಟುಕೊಟ್ಟು ಉದ್ದ ಪಡೆಯುವ ವ್ಯಾಪಾರ. ಬಿಸಿಲಿನಲ್ಲಿ ತೆಗೆಯುವವರಿಗೆ ಇದು ಲಾಭದ್ದೇ. ನೆರಳಿಗೆ ಬಂದರೆ ಲೆಕ್ಕ ಹಳೆಯದೇ, ಇನ್ನೂ ಒಂದೆರಡು ಸ್ಟಾಪ್ ನಷ್ಟದೊಂದಿಗೆ.

ಹಳೆಯ ಲೆನ್ಸ್ ಕೊಳ್ಳುವಾಗ ಏನು ನೋಡಬೇಕು? ಎರಡೂ ಮುಚ್ಚಳ ತೆಗೆದು ಒಂದು ಕಡೆಯಿಂದ ಟಾರ್ಚ್ ಬಿಟ್ಟು ನೋಡಿ. ದೂಳಿನ ಕಣಗಳಿದ್ದರೆ ಚಿಂತೆಯಿಲ್ಲ, ಜೇಡರ ಬಲೆಯಂತೆ ಹರಡಿದ ಬೂಷ್ಟು ಇದ್ದರೆ ಬೇಡ. ನಿಕಾನ್ ಬಳಸುವವರು ಹೊಂದಾಣಿಕೆ ನೋಡಲೇಬೇಕು: ಎಎಫ್-ಪಿ ಲೆನ್ಸ್‌ಗಳು ಡಿ90ರಂಥ ಹಳೆಯ ಕ್ಯಾಮೆರಾಗಳಲ್ಲಿ ಫೋಕಸ್ ಆಗುವುದಿಲ್ಲ, ಒಳಗೆ ಮೋಟರ್ ಇಲ್ಲದ ಹಳೆಯ ಎಎಫ್ 70-300 ಜಿ ಲೆನ್ಸ್ ಡಿ3000 ಸರಣಿಯ ಕ್ಯಾಮೆರಾಗಳಲ್ಲಿ ತಾನಾಗಿ ಫೋಕಸ್ ಮಾಡುವುದಿಲ್ಲ.

ಕೊನೆಯ ಪ್ರಶ್ನೆ ನಾನು ನಿರೀಕ್ಷಿಸಿದ್ದೇ. 'ಹತ್ತಿರ ಹೋಗಿ ಎನ್ನುತ್ತೀರಿ ಸರ್, ಹಕ್ಕಿ ಹಾರಿಹೋಗುತ್ತದಲ್ಲ?' ಹಾರುತ್ತದೆ, ನೀವು ನಡೆದು ಹೋದರೆ. ಆದ್ದರಿಂದ ನಡೆಯುವುದನ್ನು ಕಡಿಮೆ ಮಾಡಿ. ನೀರು ಇರುವ ಕಡೆ, ಹಣ್ಣು ಬಿಟ್ಟ ಮರದ ಕಡೆ ಮೊದಲೇ ಹೋಗಿ ಕೂತರೆ ಹಕ್ಕಿ ತಾನೇ ಬರುತ್ತದೆ. ವಾಹನದೊಳಗೆ ಕೂತ ಮನುಷ್ಯನಿಗೆ ಹಕ್ಕಿಗಳು ಅಷ್ಟಾಗಿ ಹೆದರುವುದಿಲ್ಲ, ಕಿಟಕಿಯ ಅಂಚಿನ ಮೇಲೆ ಒಂದು ದಿಂಬು ಇಟ್ಟರೆ ಟ್ರೈಪಾಡ್ ಕೂಡ ಬೇಡ. ನಡೆಯಲೇಬೇಕಾದರೆ ನೇರವಾಗಿ ಅದರತ್ತ ಹೋಗಬೇಡಿ, ಓರೆಯಾಗಿ, ಬಗ್ಗಿಕೊಂಡು, ಬೇರೆಲ್ಲೋ ನೋಡುತ್ತ ಹೋಗಿ. ಗೂಡಿನ ಹತ್ತಿರ ಮಾತ್ರ ಯಾವ ಉಪಾಯವೂ ಬೇಡ, ಅಲ್ಲಿಗೆ ಹೋಗಲೇಬಾರದು. ಮಿಕ್ಕ ಕಡೆ, ಹಕ್ಕಿ ಮೇಯುವುದನ್ನು ನಿಲ್ಲಿಸಿ ಕತ್ತು ಎತ್ತಿತು ಎಂದರೆ ಅಲ್ಲೇ ನಿಂತುಬಿಡಿ. ಅದು ಮತ್ತೆ ತಲೆ ತಗ್ಗಿಸಿ ಮೇಯಲು ಶುರುಮಾಡಿದ ಮೇಲೆ ಇನ್ನೆರಡು ಹೆಜ್ಜೆ. ಹನ್ನೆರಡು ಮೀಟರಿನ ಒಳಗೆ ಬಂದಿದ್ದೀರಿ ಎನಿಸಿದಾಗ ನೆಲಕ್ಕೆ ಕೂತು, ಮೊಣಕೈಗಳನ್ನು ಮೊಣಕಾಲಿನ ಮೇಲೆ ಊರಿ, 250ಕ್ಕೆ ಜೂಮ್ ಇಟ್ಟು, ಬೆಳಕು ಸಾಕಷ್ಟಿದ್ದರೆ ಎಫ್/8ರಲ್ಲಿ ತೆಗೆಯಿರಿ.